ರಕ್ಷಣಾ ಕಾರ್ಯದರ್ಶಿಗೆ ಎರಡೇ ವರ್ಷ ಯಾಕೆ?

ಸಂಪಾದಕರಿಗೆ ನಮಸ್ಕಾರ,

2025ರ ಸೆಪ್ಟೆಂಬರ್ 25ರಂದು ಸರ್ಕಾರಿ ವಿಮಾನ ಕಾರ್ಖಾನೆ ಎಚ್‌ಎಎಲ್ ಜೊತೆ 97 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳ ಕರಾರಿಗೆ ಸಹಿ ಬಿತ್ತು. 62 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಮಾರನೇ ದಿನವೇ ಚಂಡೀಗಢದಲ್ಲಿ ಹಳೆಯ ಯುದ್ಧವಿಮಾನ ಮಿಗ್-21ಕ್ಕೆ ಬೀಳ್ಕೊಡುಗೆ. 2021ರ ಫೆಬ್ರುವರಿಯಲ್ಲಿ, ಇಲ್ಲೇ ಬೆಂಗಳೂರಿನ ಏರೋ ಇಂಡಿಯಾದಲ್ಲಿ, 83 ವಿಮಾನಕ್ಕೆ ಮಾಡಿಕೊಂಡಿದ್ದ ಮೊದಲ ಕರಾರಿನದು ಒಂದೂ ಅವತ್ತಿಗೆ ವಾಯುಪಡೆಯ ಕೈ ಸೇರಿರಲಿಲ್ಲ. ಮಾರತ್ತಹಳ್ಳಿಯ ನಮ್ಮ ಮನೆ ಮೇಲೆ ತೇಜಸ್ ಹಾರುವ ಸದ್ದು ಕೇಳಿದಾಗೆಲ್ಲ ಹೆಮ್ಮೆಪಡುವ ನನಗೆ ಆ ಎರಡು ದಿನ ತುಂಬಾ ಸಂಕಟವಾಯಿತು.

ಅಮೆರಿಕದಿಂದ ಬರಬೇಕಿದ್ದ ಎಂಜಿನ್ ತಡವಾಗಿದ್ದು ದೊಡ್ಡ ಕಾರಣ, ಒಪ್ಪುತ್ತೇನೆ. ಆದರೆ ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಈ ಎರಡು ಕರಾರುಗಳ ನಡುವೆ ರಕ್ಷಣಾ ಕಾರ್ಯದರ್ಶಿಯ, ಅಂದರೆ ರಕ್ಷಣಾ ಇಲಾಖೆಯ ಮುಖ್ಯ ಅಧಿಕಾರಿಯ, ಕುರ್ಚಿಯಲ್ಲಿ ಮೂರು ಜನ ಕೂತರು. ಅಜಯ್ ಕುಮಾರ್, ಆಮೇಲೆ ಗಿರಿಧರ್ ಅರಮನೆ, ಆಮೇಲೆ ರಾಜೇಶ್ ಕುಮಾರ್ ಸಿಂಗ್. ಇವರಲ್ಲಿ ಯಾರನ್ನೂ ನಾನು ದೂರುತ್ತಿಲ್ಲ. ಈ ಹುದ್ದೆಯ ಅವಧಿಯೇ ಎರಡು ವರ್ಷ, ನನ್ನ ತಕರಾರು ಇರುವುದು ಅದರ ಮೇಲೆ.

ಎಚ್‌ಎಎಲ್, ಬಿಇಎಲ್ ಥರದ ಕಾರ್ಖಾನೆಗಳು ರಕ್ಷಣಾ ಉತ್ಪಾದನಾ ಇಲಾಖೆಗೆ ಸೇರಿವೆ, ಅದಕ್ಕೆ ಬೇರೆ ಕಾರ್ಯದರ್ಶಿ ಇದ್ದಾರೆ. ಆದರೆ ಕೊಳ್ಳುವ ಕಡೆಯ ಫೈಲು ಬರುವುದು ರಕ್ಷಣಾ ಕಾರ್ಯದರ್ಶಿಯ ಮೇಜಿಗೆ. ಖರೀದಿ ಮಂಡಳಿಗೆ ಅವರೇ ಅಧ್ಯಕ್ಷರು. 2020ರಲ್ಲಿ ಸೇನಾ ವ್ಯವಹಾರಗಳ ಇಲಾಖೆ ಮಾಡಿ ಮೂರೂ ಪಡೆಗಳ ಮುಖ್ಯಸ್ಥರಾದ ಸಿಡಿಎಸ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದ ಮೇಲೂ ಈ ಕೆಲಸ ಇಲ್ಲೇ ಉಳಿದಿದೆ. ಒಂದು ವಿಮಾನವನ್ನೋ ಫಿರಂಗಿಯನ್ನೋ ಬೇಕು ಅಂತ ತೀರ್ಮಾನಿಸಿ, ಟೆಂಡರ್ ಕರೆದು, ಬಿಸಿಲು ಚಳಿಯಲ್ಲಿ ಪರೀಕ್ಷೆ ಮಾಡಿ, ಬೆಲೆ ಚೌಕಾಸಿ ಮುಗಿಸಿ, ಹಣಕಾಸಿನವರನ್ನು ಒಪ್ಪಿಸಿ, ಕೊನೆಗೆ ಸಂಪುಟ ಸಮಿತಿ ಮುಂದೆ ಇಡುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಮೊದಲ ಪುಟ ಬರೆಸಿದ ಅಧಿಕಾರಿ ಕೊನೆಯ ಸಹಿ ಹೊತ್ತಿಗೆ ನಿವೃತ್ತರಾಗಿರುತ್ತಾರೆ. ಹಾಗಾದರೆ ತಡವಾಗಿದ್ದಕ್ಕೆ ಉತ್ತರ ಕೊಡುವವರು ಯಾರು?

ಬರುವವರಿಗೆ ಈ ಇಲಾಖೆಯ ಪರಿಚಯ ಎಷ್ಟಿರುತ್ತದೆ ಅನ್ನುವುದೂ ಮುಖ್ಯ. ಅಜಯ್ ಕುಮಾರ್ ಅವರು ಅದಕ್ಕೂ ಮೊದಲು ರಕ್ಷಣಾ ಉತ್ಪಾದನೆ ಕಾರ್ಯದರ್ಶಿಯಾಗಿದ್ದರು, ಮೇಲಾಗಿ ಅವಧಿ ವಿಸ್ತರಣೆ ಸಿಕ್ಕಿ ಮೂರು ವರ್ಷ ಉಳಿದರು. ಅರಮನೆಯವರು ಬಂದಿದ್ದು ಹೆದ್ದಾರಿ ಸಚಿವಾಲಯದಿಂದ, ಸಿಂಗ್ ಅವರು ಕೈಗಾರಿಕಾ ಇಲಾಖೆಯಿಂದ. ಇಬ್ಬರೂ ಸಮರ್ಥರೇ. ಆದರೂ ಎಷ್ಟೇ ಚುರುಕಿನವರಾದರೂ ಮೂರು ಪಡೆಗಳ ಬೇಕು ಬೇಡ ಅರ್ಥವಾಗಲು ಒಂದು ವರ್ಷ ಬೇಡವೇ? ಉಳಿಯುವುದು ಇನ್ನೊಂದೇ ವರ್ಷ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎಚ್.ಎಂ. ಪಟೇಲ್ ಈ ಹುದ್ದೆಯಲ್ಲಿ ಹಲವು ವರ್ಷ ಇದ್ದರು. ಕಾಶ್ಮೀರ, ಜುನಾಗಢ, ಹೈದರಾಬಾದ್ ಭಾರತಕ್ಕೆ ಸೇರಿದ್ದೆಲ್ಲ ಅವರ ಕಾಲದಲ್ಲೇ.

ಜಾಸ್ತಿ ದಿನ ಒಬ್ಬರನ್ನೇ ಕೂರಿಸಿದರೆ ಭ್ರಷ್ಟಾಚಾರಕ್ಕೆ ದಾರಿ ಅನ್ನುವವರಿದ್ದಾರೆ. ಬೊಫೋರ್ಸ್ ಫಿರಂಗಿ ಖರೀದಿ ಹಗರಣ ನೋಡಿದ ತಲೆಮಾರು ನನ್ನದು, ಆ ಭಯ ನನಗೂ ಇದೆ. ಆದರೆ ಅದಾದ ಮೇಲೆ ನಡೆದದ್ದು ಇನ್ನೊಂದು ಅತಿ. ಸಹಿ ಮಾಡಿದರೆ ತನಿಖೆ, ಮಾಡದಿದ್ದರೆ ಕೇಳುವವರಿಲ್ಲ ಅಂತ ಫೈಲುಗಳು ಸುಮ್ನೆ ಕೂತವು. ಕಳ್ಳತನ ತಡೆಯಲು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದೆ, ಸಂಸತ್ತಿನ ಲೆಕ್ಕಪತ್ರ ಸಮಿತಿ ಇದೆ. ಆದರೆ ಗಡಿಯಲ್ಲಿರುವ ಹುಡುಗನಿಗೆ ಸಾಮಾನು ತಡವಾಗಿದ್ದಕ್ಕೆ ಹೊಣೆ ಹೊರುವ ಒಬ್ಬ ಮನುಷ್ಯನೂ ಬೇಕಲ್ವಾ?

ಸೇನಾ ಮುಖ್ಯಸ್ಥರಿಗೆ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅಷ್ಟು ಅವಧಿ ಇದೆ. ರಕ್ಷಣಾ ಕಾರ್ಯದರ್ಶಿಗೆ ನಾಲ್ಕು ವರ್ಷ ಕೊಡಿ. ಜಂಟಿ ಕಾರ್ಯದರ್ಶಿ ಆಗಿಯೋ ಹೆಚ್ಚುವರಿ ಕಾರ್ಯದರ್ಶಿ ಆಗಿಯೋ ಅದೇ ಸಚಿವಾಲಯದಲ್ಲಿ ದುಡಿದವರನ್ನೇ ಆರಿಸಿ. ತುಮಕೂರಿನ ಹೆಲಿಕಾಪ್ಟರ್ ಕಾರ್ಖಾನೆ, ಕಾರವಾರದ ನೌಕಾನೆಲೆ, ಜಾಲಹಳ್ಳಿಯ ಬಿಇಎಲ್ ಎಲ್ಲಕ್ಕೂ ಆ ಮೇಜಿನ ನಿರ್ಧಾರ ತಟ್ಟುತ್ತದೆ. ನಮ್ಮ ರಾಜ್ಯದ ಸಂಸದರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ, ಮಾರತ್ತಹಳ್ಳಿ, ಬೆಂಗಳೂರು