ಭಾನುವಾರದ ಸ್ಪಾರಿಂಗ್: ತಬ್ಬಿಕೊಳ್ಳೋದು ಕಡಿಮೆ ಮಾಡಿ

ಎಲ್ಲರ ಗಮನಕ್ಕೆ. ಮಾಜಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ವ್ಲಾದಿಮಿರ್ ಕ್ಲಿಚ್ಕೊ ವಿಡಿಯೊ ನೋಡ್ಕೊಂಡು ಬಂದು, ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಬಾಕ್ಸಿಂಗ್) ಎರಡು ಪಂಚ್ ಹೊಡೆದ ಕೂಡಲೇ ಎದುರಾಳಿಯನ್ನ ತಬ್ಬಿಕೊಳ್ಳೋದು ವಿಪರೀತವಾಗಿದೆ.

ಆತನ ಬಂಡವಾಳ ಇದ್ದದ್ದು ಮೂರೇ ಹೊಡೆತ: ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಪಂಚ್), ಬಲಗೈ ಸ್ಟ್ರೇಟ್ (ನೇರ ಪಂಚ್), ಎಡ ಹುಕ್ (ಪಕ್ಕದಿಂದ ಬಾಗಿ ಬರೋ ಪಂಚ್). ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬರೋ ಪಂಚ್), ಹೊಟ್ಟೆಗೆ ಹೊಡೆತ ಅಪರೂಪ. ಎದುರಾಳಿ ತಗ್ಗಿ ಒಳಗೆ ನುಗ್ಗಿದರೆ ಕತ್ತಿನ ಮೇಲೆ ತೋಳು ಹಾಕಿ ಮೈಭಾರ ಹೊರಿಸ್ತಿದ್ದ. 198 ಸೆಂ.ಮೀ. ಆಳಿಗೆ ಅದು ನಡೆಯುತ್ತೆ, ನಮ್ಮ ಮೈಸೂರು ಹುಡುಗರಿಗೆ ಎಲ್ಲಿಂದ? ಆತನಿಗೂ 2015ರ ಏಪ್ರಿಲ್‌ನಲ್ಲಿ ಬಾಕ್ಸರ್ ಜೆನ್ನಿಂಗ್ಸ್ ಎದುರು ತಬ್ಬಿ ಹಿಡಿದಿದ್ದಕ್ಕೇ ಒಂದು ಅಂಕ ಕಟ್ಟಾಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಎದುರಾಳಿ ಟೈಸನ್ ಫ್ಯೂರಿ ಜ್ಯಾಬಿಗೆ ಸಿಗದೆ ತಲೆ ಆಡಿಸ್ತಾ ನಿಂತಾಗ ಕ್ಲಿಚ್ಕೊನ ಬಲಗೈ ಹೊರಡಲೇ ಇಲ್ಲ, ಚಾಂಪಿಯನ್ ಬೆಲ್ಟುಗಳು ಹೋದವು.

ಭಾನುವಾರ 3 ನಿಮಿಷದ 3 ಸುತ್ತು. ಜ್ಯಾಬ್ ತಲೆಗೆ, ಬಲಗೈ ಹೊಟ್ಟೆಗೆ, ಆಮೇಲೆ ಎಡ ಹುಕ್. ಹೊಟ್ಟೆಗೆ ಹೊಡೆಯುವಾಗ ಮಂಡಿ ಬಗ್ಗಿಸಿ. ಬರೀ ಸೊಂಟ ಬಗ್ಗಿಸಿದರೆ ಅಪ್ಪರ್‌ಕಟ್ ತಿಂತೀರಿ. ಸಿಕ್ಕಿಹಾಕ್ಕೊಂಡರೆ ಒಂದು ಕೈ ಒಳಗಿಂದ ಬಿಡಿಸ್ಕೊಂಡು ಪಕ್ಕೆಗೆ ಗಿಡ್ಡ ಹುಕ್, ತಕ್ಷಣ ಪಕ್ಕಕ್ಕೆ ಹೆಜ್ಜೆ. ನೇರ ಹಿಂದಕ್ಕೆ ಸರಿದರೆ ಮೂತಿಗೆ ಬೀಳುತ್ತೆ. ರೆಫರಿ ‘ಬ್ರೇಕ್’ ಅಂದ ಮೇಲೆ ಕೈ ಎತ್ತಬೇಡಿ.

ಹಲ್ಲಿನ ಗಾರ್ಡ್ ಇಲ್ಲದವರಿಗೆ ಸ್ಪಾರಿಂಗ್ ಇಲ್ಲ.