ಎಳೆ ಸಸಿಗೆ ಗೊಬ್ಬರದ ಅವಸರ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಟೊಮೆಟೊ ಸಸಿ ಬೆಳೆಸುವ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಚಿತ್ರಗಳು ಚೆನ್ನಾಗಿದ್ದವು, ಬೀಜ ಎಷ್ಟು ಆಳಕ್ಕೆ ಹಾಕಬೇಕು ಎಂಬ ವಿವರವೂ ಸರಿಯಾಗಿಯೇ ಇತ್ತು. ಆದರೆ ‘ಅರ್ಧ ಮಣ್ಣು, ಅರ್ಧ ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಬೀಜ ಹಾಕಿ, ಮೊಳಕೆ ಬಂದ ಮೂರನೇ ದಿನದಿಂದಲೇ ದ್ರವಗೊಬ್ಬರ ಕೊಡಿ’ ಎಂಬ ಸಾಲಿಗೆ ಬಂದಾಗ ಸುಮ್ಮನಿರಲು ಆಗಲಿಲ್ಲ. ತರಕಾರಿ ಸಸಿ ಬೆಳೆಸಿ ಕೊಡುವುದು ಹದಿನಾಲ್ಕು ವರ್ಷಗಳಿಂದ ನನ್ನ ಕಸುಬು. ಆ ಸಾಲಿನಲ್ಲಿ ಹೇಳಿದಂತೆಯೇ ಮಾಡಿ ಮೊದಲ ವರ್ಷದ ಸಸಿಗಳನ್ನು ಕಳೆದುಕೊಂಡವಳು ನಾನು.

ಆಗ ನನ್ನ ಬಳಿ ಇದ್ದದ್ದು 98 ಗುಳಿಗಳ ಮೂರು ಟ್ರೇಗಳು. ಮೊಳಕೆ ಸೊಗಸಾಗಿ ಬಂದಿತ್ತು. ಒಂಬತ್ತನೇ ದಿನ ಬೆಳಿಗ್ಗೆ ನೋಡಿದರೆ ಒಂದು ಮೂಲೆಯಲ್ಲಿ ಆರೇಳು ಸಸಿಗಳು ಮಲಗಿದ್ದವು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಾಂಡ ನೀರು ತುಂಬಿದಂತೆ ಕಂದಾಗಿ, ದಾರದಷ್ಟು ತೆಳುವಾಗಿ ಹಿಸುಕಿಕೊಂಡಿತ್ತು. ಹಸಿವಿಗೆ ಹೀಗಾಗಿರಬೇಕು ಎಂದುಕೊಂಡು ಇನ್ನಷ್ಟು ದ್ರವಗೊಬ್ಬರ ಹಾಕಿದೆ. ನಾಲ್ಕು ದಿನಗಳಲ್ಲಿ ಉಳಿದದ್ದು ಒಂದು ಟ್ರೇ ತುಂಬುವಷ್ಟೂ ಇರಲಿಲ್ಲ. ಒಂದು ಸಸಿಯನ್ನು ಗುಳಿಯಿಂದ ಎತ್ತಿ ನೀರಿನಲ್ಲಿ ಅದ್ದಿ ನೋಡಿದೆ. ಬಿಳಿಯಾಗಿರಬೇಕಾದ ಬೇರಿನ ತುದಿ ಚಹಾ ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರೆ ಬೇರಿನ ಸಿಪ್ಪೆ ಕಳಚಿ ಕೈಗೆ ಬಂತು, ಒಳಗಿನ ಎಳೆ ಮಾತ್ರ ಉಳಿಯಿತು. ಅದು ಹಸಿವಲ್ಲ, ಕೊಳೆ ರೋಗ ಎಂದು ಕಲಿತದ್ದು ಅಂದು.

ಬೀಜ ಬರಿಗೈಯಲ್ಲಿ ಬರುವುದಿಲ್ಲ. ಮೊದಲು ತೆರೆದುಕೊಳ್ಳುವ ಆ ಎರಡು ದಪ್ಪ ಎಲೆಗಳು ನಿಜವಾಗಿ ಬೀಜದ ದಳಗಳು. ಬೀಜ ತಂದ ಬುತ್ತಿ ಖರ್ಚಾಗುತ್ತಾ ಬಂದಂತೆ ಅವೇ ಬಿಸಿಲು ಹಿಡಿದು ಆಹಾರ ತಯಾರಿಸತೊಡಗುತ್ತವೆ. ಅವುಗಳ ನಡುವಿನಿಂದ ಜಾತಿಗೆ ತಕ್ಕ ಅಂಚು, ಗೀರು ಇರುವ ಮೊದಲ ಜೋಡಿ ‘ನಿಜ ಎಲೆ’ ಹೊರಡುವವರೆಗೆ ಸಸಿಗೆ ಹೊರಗಿನಿಂದ ಬೇಕಿರುವುದು ನೀರು, ಬೆಳಕು, ಬೇರಿಗೆ ಗಾಳಿ. ಅಷ್ಟರೊಳಗೆ ಗೊಬ್ಬರ ಸುರಿದರೆ ಮಣ್ಣಿನ ನೀರಿನಲ್ಲಿ ಲವಣ ಏರುತ್ತದೆ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುವುದನ್ನು ನೋಡಿದ್ದೀರಲ್ಲ, ಎಳೆ ಬೇರಿಗೆ ಆಗುವುದೂ ಅದೇ. ಮಣ್ಣು ಒದ್ದೆಯಾಗಿದ್ದರೂ ಬೇರು ನೀರು ಹೀರಲಾರದೆ ಎಲೆಯ ಅಂಚು ಸುಡುತ್ತದೆ. ಹೀಗೆ ಸೋತ ಬೇರಿಗೆ ಪಿಥಿಯಂ, ರೈಜೋಕ್ಟೋನಿಯಾದಂತಹ ಕೊಳೆ ರೋಗಾಣುಗಳು ಸುಲಭವಾಗಿ ಅಂಟುತ್ತವೆ.

ಹಿಂಡಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ‘ಸಾವಯವ ತಾನೇ, ಹೆಚ್ಚಾದರೆ ಏನಾಗುತ್ತದೆ’ ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಎರೆಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ಶೇಕಡಾ 1ರಿಂದ 2ರಷ್ಟು ಇರುತ್ತದೆ. ಬೇವಿನ ಹಿಂಡಿಯಲ್ಲಿ ಸುಮಾರು ಶೇಕಡಾ 5, ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7. ಹಿಂಡಿಯ ಸಾರಜನಕದ ಬಹುಪಾಲು ಪ್ರೋಟೀನಿನ ರೂಪದಲ್ಲಿರುತ್ತದೆ. ಒದ್ದೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಡೆಯುವಾಗ ಮೊದಲು ಹೊರಬರುವುದು ಅಮೋನಿಯಾ. ದೊಡ್ಡ ಗಿಡದ ಸುತ್ತಲಿನ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಚಮಚ ಮಣ್ಣಿರುವ ಗುಳಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಮೊಳಕೆಯ ಬೇರನ್ನೇ ಸುಡುತ್ತದೆ. ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ಸಣ್ಣ ಕಪ್ಪು ನೊಣಗಳು ಮೊಟ್ಟೆ ಇಡುತ್ತವೆ, ಅವುಗಳ ಮರಿಹುಳುಗಳು ಎಳೆ ಬೇರನ್ನು ಕಡಿಯುತ್ತವೆ. ಹಿಂಡಿ ಕೆಟ್ಟದ್ದೆಂದು ಹೇಳುತ್ತಿಲ್ಲ, ನಾನೇ ಪ್ರತಿ ವರ್ಷ ಬಳಸುತ್ತೇನೆ. ನಾಟಿ ಮಾಡುವ ಕುಂಡದ ಮಣ್ಣಿಗೆ ಬೆರೆಸಿ, ತೇವ ಮಾಡಿ, ಎರಡು ಮೂರು ವಾರ ಹಾಗೆಯೇ ಬಿಟ್ಟು ಆಮೇಲೆ ಗಿಡ ಇಡುತ್ತೇನೆ. ಬೀಜ ಹಾಕುವ ಟ್ರೇಗೆ ಅದು ಸೇರಕೂಡದು.

ಹಾಗಾದರೆ ಮಣ್ಣು ಎಂಥದ್ದಿರಬೇಕು? ಇದಕ್ಕೆ ಉತ್ತರ ಕೊಡುವ ಮೊದಲು ಕಲಿಯಲು ಬಂದವರ ಕೈಗೆ ಒಂದು ಸ್ಪಂಜು ಕೊಡುತ್ತೇನೆ. ನೀರಿನಲ್ಲಿ ಪೂರ್ತಿ ನೆನೆಸಿ ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನು ಹಿಂಡದೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ನಿಂತಿದ್ದ ನೀರು ಮತ್ತೆ ಸುರಿಯುತ್ತದೆ. ಎತ್ತರ ಹೆಚ್ಚಾದಷ್ಟೂ ನೀರು ಕೆಳಕ್ಕೆ ಬಸಿಯುತ್ತದೆ, ಕಡಿಮೆಯಾದಷ್ಟೂ ಒಳಗೇ ಉಳಿಯುತ್ತದೆ. ಟ್ರೇಯ ಗುಳಿ ಮಲಗಿಸಿದ ಸ್ಪಂಜಿನಂತೆ. ಹೊಲದಲ್ಲಿ ಚಿನ್ನದಂಥ ಬೆಳೆ ಕೊಡುವ ಮಣ್ಣನ್ನೇ ತಂದು ನಾಲ್ಕು ಸೆಂಟಿಮೀಟರ್ ಆಳದ ಗುಳಿಗೆ ತುಂಬಿದರೆ ಅದು ಕೆಸರಾಗಿ ಕೂರುವುದು ಇದೇ ಕಾರಣಕ್ಕೆ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎನ್ನುವುದೂ ತಪ್ಪು. ಒದ್ದೆ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರ ಬರುತ್ತದೆ, ಅಷ್ಟೇ. ಮಿಶ್ರಣವೇ ಒರಟಾಗಿ, ಹಗುರವಾಗಿ ಇರಬೇಕು.

ನಾನು ಬೆರೆಸುವುದು ಮೂರು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರ ಬಿಳಿ ಕಲ್ಲಿನ ಹರಳು. ಎರೆಗೊಬ್ಬರ ಐದರಲ್ಲಿ ಒಂದು ಪಾಲನ್ನು ದಾಟಲು ಬಿಡುವುದಿಲ್ಲ. ‘ತೊಳೆದ’ ಎಂಬ ಮಾತನ್ನು ದಯವಿಟ್ಟು ಗಮನಿಸಿ. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಇರುತ್ತವೆ, ಸಂಸ್ಕರಿಸದೆ ಇಟ್ಟಿಗೆಯಾಕಾರಕ್ಕೆ ಒತ್ತಿ ಮಾರುವ ಪುಡಿಯಲ್ಲಿ ಇನ್ನೂ ಹೆಚ್ಚು. ನೆನೆಸಿದ ಮೊದಲ ನೀರು ಕಷಾಯದಂತೆ ಕೆಂಪಾಗಿ ಬರುತ್ತದೆ. ಅದನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯುತ್ತೇನೆ. ಬೆರೆಸಿದ ಮೇಲೆ ಒಂದು ಹಿಡಿ ಮಿಶ್ರಣವನ್ನು ಕೈಯಲ್ಲಿ ಹಿಸುಕಿ ನೋಡಬೇಕು: ಒಂದೆರಡು ಹನಿ ಒಸರಿ, ಕೈ ಬಿಚ್ಚಿದಾಗ ಉಂಡೆ ನಿಂತು, ಬೆರಳು ತಾಗಿಸಿದರೆ ಉದುರಿದರೆ ಹದ ಸರಿ. ಬೂದಿ ಬೆರೆಸುವವರಿದ್ದಾರೆ, ಅದು ರಸಸಾರವನ್ನು (ಹುಳಿ-ಕ್ಷಾರದ ಅಳತೆ, pH) ತಟ್ಟನೆ ಏರಿಸುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆ ಸಸಿಗಳಿಗೆ 6ರಿಂದ 6.5ರ ಆಸುಪಾಸಿನ ರಸಸಾರ ಹಿತ, ಹಾಗಾಗಿ ಬೂದಿ ಬೇಡ. ಟ್ರೈಕೋಡರ್ಮಾ ಸಿಕ್ಕರೆ ಎರೆಗೊಬ್ಬರಕ್ಕೆ ಬೆರೆಸಿ ವಾರ ಬಿಟ್ಟು ಬಳಸುತ್ತೇನೆ. ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಶಿಲೀಂಧ್ರವದು. ಆದರೆ ಕೆಸರು ಗುಳಿಯನ್ನು ಅದೂ ಕಾಪಾಡಲಾರದು.

ಎಳೆ ಸಸಿಗೆ ಬಡ ಮಣ್ಣೇ ಸಾಕು ಎಂಬುದು ನಾನೊಬ್ಬಳೇ ಹೇಳುವ ಮಾತಲ್ಲ. ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿ 1930ರ ದಶಕದಲ್ಲಿ ವಿಲಿಯಂ ಲಾರೆನ್ಸ್ ಮತ್ತು ನ್ಯೂವೆಲ್ ಎಂಬ ಇಬ್ಬರು ಸಸಿಗಳ ಸಾವಿನಿಂದ ಬೇಸತ್ತು, ಒಂದೊಂದು ಗಿಡಕ್ಕೆ ಒಂದೊಂದು ಮಣ್ಣು ಎಂಬ ಪದ್ಧತಿಯನ್ನು ಬದಿಗಿಟ್ಟು ನೂರಾರು ಮಿಶ್ರಣಗಳನ್ನು ಪರೀಕ್ಷಿಸಿದರು. ಕೊನೆಗೆ ಅವರು ಬೀಜ ಬಿತ್ತಲು ಗೊತ್ತುಮಾಡಿದ್ದು ಎರಡು ಪಾಲು ಹಬೆಯಲ್ಲಿ ಶುದ್ಧಿ ಮಾಡಿದ ಗೋಡುಮಣ್ಣು, ಒಂದು ಪಾಲು ಪೀಟ್ (ಜೌಗು ನೆಲದ ಅರೆಕೊಳೆತ ಪಾಚಿ), ಒಂದು ಪಾಲು ಮರಳು, ಜೊತೆಗೆ ಸ್ವಲ್ಪ ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಮತ್ತು ಸುಣ್ಣದ ಪುಡಿ. ಸಾರಜನಕದ ಗೊಬ್ಬರವನ್ನು ಬೀಜದ ಮಿಶ್ರಣಕ್ಕೆ ಸೇರಿಸಲೇ ಇಲ್ಲ. ಅದು ಬರುವುದು ಕುಂಡಕ್ಕೆ ಸಾಗಿಸುವ ಮಿಶ್ರಣದಲ್ಲಿ, ಅದೂ ಗಿಡ ದೊಡ್ಡದಾದಂತೆ ಒಂದು, ಎರಡು, ಮೂರು ಪಟ್ಟು ಎಂದು ಹೆಚ್ಚಿಸುತ್ತಾ. ಅವರು ರಾಸಾಯನಿಕ ಗೊಬ್ಬರವನ್ನೂ ಬಳಸಿದ್ದರೂ ವಯಸ್ಸಿಗೆ ತಕ್ಕ ಊಟ ಎಂಬ ಲೆಕ್ಕ ಸಾವಯವಕ್ಕೂ ಅಷ್ಟೇ ಅನ್ವಯಿಸುತ್ತದೆ.

ಗೊಬ್ಬರ ಮಾಗಿದೆಯೇ ಎಂದು ತಿಳಿಯುವುದು ಹೇಗೆ ಎಂದು ಲೇಖನ ಹೇಳಿರಲಿಲ್ಲ. ನನ್ನ ಕ್ರಮ ಹೀಗಿದೆ. ಒಂದು ಹಿಡಿ ಗೊಬ್ಬರವನ್ನು ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡುತ್ತೇನೆ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಮಾಗಿದೆ; ಮೂಗಿಗೆ ಘಾಟು ಹೊಡೆದರೆ ಅಥವಾ ಹುಳಿ ನಾತ ಬಂದರೆ ಇನ್ನೂ ಕೊಳೆಯುತ್ತಿದೆ. ಮೂಗಿನ ಮೇಲೆ ಪೂರ್ತಿ ನಂಬಿಕೆ ಇಡದೆ, ಎರಡು ಬಟ್ಟಲುಗಳಲ್ಲಿ ಹತ್ತು ಹತ್ತು ಮೂಲಂಗಿ ಬೀಜ ಹಾಕುತ್ತೇನೆ, ಒಂದರಲ್ಲಿ ಬರೀ ನಾರಿನ ಪುಡಿ, ಇನ್ನೊಂದರಲ್ಲಿ ಗೊಬ್ಬರ ಬೆರೆಸಿದ ಪುಡಿ. ಐದಾರು ದಿನಗಳಲ್ಲಿ ಎರಡರ ಬೇರುಗಳನ್ನೂ ಅಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತದೆ. ಹುರುಳಿಕಾಯಿ (ಬೀನ್ಸ್) ಬೀಜವನ್ನೂ ಒಂದೆರಡು ಹಾಕುವುದು ಒಳ್ಳೆಯದು. ಬ್ರಿಟನ್ನಿನಲ್ಲಿ 2008ರಲ್ಲಿ ಸಾವಿರ ಬಗೆಯ ಎಚ್ಚರ ವಹಿಸಿದ ಕೈತೋಟಗಾರರ ಟೊಮೆಟೊ, ಬೀನ್ಸ್ ಎಲೆಗಳೆಲ್ಲ ಜರೀಗಿಡದಂತೆ ಸುರುಟಿಕೊಂಡವು. ಹುಲ್ಲುಗಾವಲಿಗೆ ಸಿಂಪಡಿಸಿದ ಅಮಿನೊಪೈರಾಲಿಡ್ ಎಂಬ ಕಳೆನಾಶಕ, ಹುಲ್ಲು ತಿಂದ ದನದ ಹೊಟ್ಟೆಯನ್ನೂ ದಾಟಿ ಗೊಬ್ಬರದಲ್ಲಿ ಉಳಿದಿತ್ತು. ವಾಸನೆ ಅದನ್ನು ಹೇಳುವುದಿಲ್ಲ, ಬೀನ್ಸ್ ಎಲೆ ಹೇಳುತ್ತದೆ.

ಇನ್ನು ಪೋಷಕಾಂಶ. ಮೊದಲ ಜೋಡಿ ನಿಜ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ ನಾನು ಎರೆಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಆ ನೀರನ್ನು ಒಣಹುಲ್ಲಿನ ಬಣ್ಣಕ್ಕೆ ಬರುವಷ್ಟು ತೆಳುವಾಗಿಸಿ, ಹತ್ತು ದಿನಕ್ಕೊಮ್ಮೆ ಟ್ರೇಯ ಅಡಿಯಿಂದ ಹೀರಿಕೊಳ್ಳಲು ಬಿಡುತ್ತೇನೆ. ಮೀನಿನ ದ್ರವಗೊಬ್ಬರವಾದರೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದ ಕಾಲುಭಾಗ. ಸಾವಯವ ಗೊಬ್ಬರವನ್ನು ಬೇರಿಗೆ ಒದಗುವಂತೆ ಮಾಡುವುದು ಸೂಕ್ಷ್ಮಜೀವಿಗಳು. ಮಿಶ್ರಣ ತಣ್ಣಗಿದ್ದಾಗ ಅವು ನಿಧಾನವಾಗಿ ಕೆಲಸ ಮಾಡುತ್ತವೆ. ಚಳಿಯಲ್ಲಿ ಟೊಮೆಟೊ ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆಯೆಂದು ಗೊಬ್ಬರ ಸುರಿಯುವ ಮೊದಲು ಟ್ರೇಯನ್ನು ಬೆಚ್ಚಗಿನ ಜಾಗಕ್ಕೆ ಸರಿಸಿ ನೋಡಿ. ಬೀಜದ ದಳಗಳು ಹಳದಿಯಾಗಿ ಉದುರುವುದು ಮೂರು ನಾಲ್ಕು ನಿಜ ಎಲೆ ಬಂದ ಮೇಲಾದರೆ ಸಹಜ. ಅದಕ್ಕೂ ಮೊದಲೇ ಆದರೆ ಹಸಿವು ಅಥವಾ ಹೆಚ್ಚು ನೀರು. ಕಾಂಡ ಕಡ್ಡಿಯಂತೆ ಉದ್ದವಾಗಿ ಬಾಗುತ್ತಿದ್ದರೆ ಅದು ಬೆಳಕಿನ ಕೊರತೆ. ಜನ ಹೆಚ್ಚಾಗಿ ಗೊಬ್ಬರ ಕೊಡುವುದು ಆಗಲೇ, ಆಗ ಕಾಂಡ ಇನ್ನೂ ಮೆತ್ತಗಾಗುತ್ತದೆ.

ಚೀಲಗಳ ಬಗ್ಗೆಯೂ ಒಂದು ಮಾತು. ಕೆಲವು ವರ್ಷಗಳ ಹಿಂದೆ ‘ಶುದ್ಧ ಸಾವಯವ ಸಸಿ ಮಣ್ಣು’ ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಲವೊಂದನ್ನು ಕೊಂಡೆ. ಒಳಗೆ ಏನೇನಿದೆ, ಯಾವಾಗ ತುಂಬಿದ್ದು, ಸಾರಜನಕವೆಷ್ಟು, ಲವಣಾಂಶವೆಷ್ಟು ಒಂದೂ ಇರಲಿಲ್ಲ. ಕೈ ಹಾಕಿದರೆ ಬೆಚ್ಚಗಿತ್ತು, ಎಂದರೆ ಕೊಳೆಯುವ ಕೆಲಸ ಒಳಗೆ ಇನ್ನೂ ನಡೆಯುತ್ತಿತ್ತು. ‘ಸಾವಯವ’ ಎಂಬುದು ಗೊಬ್ಬರದ ಮೂಲವನ್ನು ಹೇಳುತ್ತದೆಯೇ ಹೊರತು ಅದರ ತೀಕ್ಷ್ಣತೆಯನ್ನಲ್ಲ. ಈ ನಾಲ್ಕು ವಿವರಗಳಿಲ್ಲದ ಚೀಲವನ್ನು ಕೊಳ್ಳಬೇಡಿ ಎಂದು ನಿಮ್ಮ ಪುರವಣಿ ಒಮ್ಮೆ ಬರೆದರೆ ತಯಾರಕರು ಕಿವಿಗೊಡುತ್ತಾರೆ.

ಲೇಖಕರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವರು ಹೇಳಿದ ಪ್ರಮಾಣ ಕಾಯಿ ಬಿಡುವ ಗಿಡಕ್ಕೆ ಹೊಂದಬಹುದು. ಗೊಬ್ಬರದ ಪ್ರಮಾಣ ಬರೆಯುವಾಗಲೆಲ್ಲ ಅದು ಯಾವ ವಯಸ್ಸಿನ ಗಿಡಕ್ಕೆ ಎಂದು ಪಕ್ಕದಲ್ಲೇ ಬರೆಯಬೇಕೆಂಬುದು ನನ್ನ ವಿನಂತಿ. ಇನ್ನೊಂದು ವಿನಂತಿ ತುರ್ತಿನದು. ಟೊಮೆಟೊ ಬೀಜ ಬೆಚ್ಚಗಿನ ಮಣ್ಣಿನಲ್ಲಿ ಮೊಳೆಯಲು ಐದರಿಂದ ಎಂಟು ದಿನ ಬೇಕು. ಭಾನುವಾರ ಓದಿ ಅಂದೇ ಬಿತ್ತಿದವರ ಟ್ರೇಗಳಲ್ಲಿ ಮೊಳಕೆ ಈಗಷ್ಟೇ ತಲೆ ಎತ್ತುತ್ತಿರುತ್ತದೆ. ದ್ರವಗೊಬ್ಬರ ಹಾಕಬೇಡಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಬರೀ ನೀರು ಕೊಡಿ, ಬೀಜ ಮಿಕ್ಕಿದ್ದರೆ ಹಿಂಡಿ ಇಲ್ಲದ ಮಿಶ್ರಣದಲ್ಲಿ ಇನ್ನೊಂದು ಟ್ರೇ ಹಾಕಿಟ್ಟುಕೊಳ್ಳಿ ಎಂಬ ಮೂರು ಸಾಲುಗಳನ್ನು ನಾಳೆಯ ಸಂಚಿಕೆಯಲ್ಲೇ ಪ್ರಕಟಿಸಿ.

ಇಂತಿ,
ಸಸಿ ಬೆಳೆಸುವ ಓದುಗಾರ್ತಿ