ನಿವೃತ್ತಿಯ ಹೊತ್ತಿಗೆ ಒಂದು ಋಣದ ಮಾತು

ಕಾರ್ಬೋಹೈಡ್ರೇಟ್ ರಸಾಯನಶಾಸ್ತ್ರದಲ್ಲಿ ಶುರುವಾಗಿ ಅಣುಜೀವಶಾಸ್ತ್ರದ ಕಡೆ ಹೊರಳಿದ ನನ್ನ ಸಂಶೋಧನಾ ವೃತ್ತಿ ಈ ತಿಂಗಳಿಗೆ ಮುಗಿಯಿತು. ಮಾರ್ಗದರ್ಶಕರಿಗೆ, ಎನ್‌ಎಂಆರ್ (ಅಣುವಿನ ರಚನೆ ತೋರುವ) ಯಂತ್ರದ ಸರದಿ ಬಿಟ್ಟುಕೊಟ್ಟವರಿಗೆ, ಒಡೆದ ಗಾಜಿನ ಸಾಮಾನು ಬೆಸೆದು ಕೊಟ್ಟವರಿಗೆ, ವಿದ್ಯಾರ್ಥಿಗಳಿಗೆ, ಮನೆಯವರಿಗೆ ಮನಸಾರೆ ವಂದನೆ. ಉಳಿದ ಮಾತೆಲ್ಲ ನಮ್ಮ ಪ್ರಯೋಗಾಲಯದ ತಂತ್ರಜ್ಞೆಯ ಬಗ್ಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಸಕ್ಕರೆಗೆ ಸಕ್ಕರೆ ಜೋಡಿಸುವವರಿಗೆಲ್ಲ ನೀರೇ ವೈರಿ. ದಾನಿ ಸಕ್ಕರೆ ಸಕ್ರಿಯವಾದ ಕೂಡಲೇ, ಫ್ಲಾಸ್ಕಿನಲ್ಲಿ ತೇವವಿದ್ದರೆ, ಗ್ರಾಹಕ ಸಕ್ಕರೆ ಸೇರಬೇಕಾದ ಜಾಗಕ್ಕೆ ನೀರು ಸೇರುತ್ತದೆ. ದುಬಾರಿ ದಾನಿಯೆಲ್ಲ ದಂಡ. ಹಾಗಾಗಿ 4 ಆಂಗ್‌ಸ್ಟ್ರಾಮ್ ರಂಧ್ರದ, ನೀರು ಹೀರುವ ಮಾಲಿಕ್ಯುಲರ್ ಸೀವ್‌ಗಳನ್ನು ನಿರ್ವಾತದಲ್ಲಿ ಸುಮಾರು 300 ಡಿಗ್ರಿಗೆ ಗಂಟೆಗಟ್ಟಲೆ ಕಾಯಿಸಬೇಕು. ಗಾಜು ಒಣಗಿಸುವ 110 ಡಿಗ್ರಿಯ ಓವನ್ ಇದಕ್ಕೆ ಸಾಲದು, ರಂಧ್ರಗಳೊಳಗಿನ ನೀರು ಅಲ್ಲೇ ಉಳಿಯುತ್ತದೆ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಇದನ್ನು ಕಲಿಸಿದ್ದು ಪ್ರಾಧ್ಯಾಪಕರಲ್ಲ, ಅವರು.

ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಹತ್ತಿರ ಬಂದಾಗ ಬರೀ ರಸಾಯನಶಾಸ್ತ್ರ ಸಾಲಲಿಲ್ಲ. ಅದರ ಮೂರನೇ ಇಂಗಾಲದಲ್ಲಿ ಬಂಧಕ್ಕೆ ದಿಕ್ಕು ತೋರುವ ಗುಂಪೇ ಇಲ್ಲ. ಆಲ್ಫಾ, ಬೀಟಾ ಎಂಬ ಎರಡು ದಿಕ್ಕಿನ ಬಂಧಗಳೂ ಕಲಬೆರಕೆಯಾಗುತ್ತವೆ, ಒಂದು ಪಾಲು ಜೋಡಣೆಯೇ ಆಗದೆ ಗ್ಲೈಕಲ್ ಎಂಬ ಬೇಡದ ಉತ್ಪನ್ನ ಆಗಿಬಿಡುತ್ತದೆ. ಸಿಯಾಲಿಲ್‌ಟ್ರಾನ್ಸ್‌ಫರೇಸ್ ಕಿಣ್ವ ಮಾತ್ರ ಆಲ್ಫಾ ಬಂಧವನ್ನಷ್ಟೇ ಕಟ್ಟುತ್ತದೆ. ಅದಕ್ಕೆ ಬೇಕಾದ ದಾನಿ ಸಿಎಂಪಿ-ಸಿಯಾಲಿಕ್ ಆಮ್ಲ, ಅಂದರೆ ಸಿಎಂಪಿ ಎಂಬ ನ್ಯೂಕ್ಲಿಯೊಟೈಡ್ ಅಂಟಿದ ಸಿಯಾಲಿಕ್ ಆಮ್ಲ. ಜೀವರಸಾಯನಶಾಸ್ತ್ರಜ್ಞ ಲೂಯಿಸ್ ಲೆಲುವಾರ್ ಅವರಿಗೆ 1970ರ ನೊಬೆಲ್ ತಂದ ಸಕ್ಕರೆ ನ್ಯೂಕ್ಲಿಯೊಟೈಡ್‌ಗಳ ಬಳಗದ್ದೇ. ಆ ಕಿಣ್ವದ ಜೀನ್ ಅನ್ನು ಈ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, 37 ಡಿಗ್ರಿಯಲ್ಲಿ ಪ್ರೋಟೀನ್ ಗಂಟುಕಟ್ಟಿದರೆ 18ಕ್ಕೆ ಇಳಿಸಿ, ಜೀನ್ ಚಾಲೂ ಮಾಡುವ ಐಪಿಟಿಜಿ ಕಡಿಮೆ ಮಾಡಿ ಕರಗುವ ಕಿಣ್ವ ಪಡೆಯುವ ಹದ ಕೂಡ ಅವರ ಕೈಯಲ್ಲೇ ಕೂಡಿಬಂತು.

ಮೈನಸ್ 80ರ ಫ್ರೀಜರ್ ನಿಂತುಹೋದ ರಾತ್ರಿ ಏನಾಯಿತೆಂದು ಹತ್ತಿರದವರಿಗೆ ಗೊತ್ತು. ಅವರು ಹೇಗೆ ಕೆಲಸ ಮಾಡಿದರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮೊದಲು ಬಾಗಿಲು ತೆರೆಯಲು ಬಿಡಲಿಲ್ಲ. ಮುಚ್ಚಿದ ಫ್ರೀಜರ್ ನಿಧಾನಕ್ಕೆ ಬಿಸಿಯಾಗುತ್ತದೆ, ತೆರೆದು ಹುಡುಕುತ್ತ ನಿಂತರೆ ಬೇಗ. ಯಾವ ರ‍್ಯಾಕ್, ಯಾವ ಡಬ್ಬಿ ಎಂದು ಪಟ್ಟಿ ನೋಡಿ ಹೊರಗೆ ಎತ್ತುವ ಕ್ರಮ ಬರೆದರು. ಕಾಂಪಿಟೆಂಟ್ ಕೋಶಗಳು ಮೊದಲು, ಏಕೆಂದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಡಿಎನ್‌ಎ ಒಳಗೆ ತೆಗೆದುಕೊಳ್ಳುವ ಶಕ್ತಿ ಕುಸಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಕಾಪಿಟ್ಟ ಗ್ಲಿಸರಾಲ್ ಸ್ಟಾಕ್‌ಗಳು. ಜೀನ್ ಹೊತ್ತ ಡಿಎನ್‌ಎ ಉಂಗುರಗಳಾದ ಪ್ಲಾಸ್ಮಿಡ್‌ಗಳು ಕೊನೆಗೆ, ಅವು ಮಂಜುಗಡ್ಡೆಯ ಮೇಲೂ ತಡೆದುಕೊಳ್ಳುತ್ತವೆ.

ಸಿಎಂಪಿ-ಸಿಯಾಲಿಕ್ ಆಮ್ಲದ ಟ್ಯೂಬುಗಳನ್ನು ಬೇರೆಯೇ ತೆಗೆದಿಟ್ಟರು. ತಣ್ಣಗಿಡಲು ಬಳಸುವ ಡ್ರೈ ಐಸ್ ಅಂದರೆ ಘನ ಇಂಗಾಲದ ಡೈಆಕ್ಸೈಡ್. ಮುಚ್ಚಳ ಸಡಿಲವಿದ್ದರೆ ಅನಿಲ ಒಳಗೆ ನುಸುಳುತ್ತದೆ, ಕರಗುವಾಗ ದ್ರಾವಣ ಆಮ್ಲೀಯವಾಗುತ್ತದೆ, ಆಮ್ಲ ತಾಗಿದರೆ ಆ ದಾನಿ ಮುರಿದು ಸಿಎಂಪಿ ಮತ್ತು ಸಿಯಾಲಿಕ್ ಆಮ್ಲವಾಗಿ ಬೇರಾಗುತ್ತದೆ. ಅದಕ್ಕೆ ಒಂದೊಂದು ಮುಚ್ಚಳವನ್ನೂ ಬಿಗಿಮಾಡಿ, ಪ್ಯಾರಾಫಿಲ್ಮ್ ಎಂಬ ಮೇಣದ ಹಾಳೆ ಎಳೆದು ಸುತ್ತಿ, ಆಮೇಲಷ್ಟೇ ಡ್ರೈ ಐಸಿನಲ್ಲಿಟ್ಟರು. ಅನಿಲ ಕೋಣೆಯಲ್ಲಿ ತುಂಬದಿರಲಿ ಅಂತ ಕಿಟಕಿಗಳೂ ತೆರೆದೇ ಇದ್ದವು. ಅಷ್ಟು ಗಡಿಬಿಡಿಯಲ್ಲಿ ಆಮ್ಲೀಯತೆಯ ನೆನಪು ಬೇರೆ ಯಾರಿಗೂ ಬಂದಿರಲಿಲ್ಲ.

ಬೆಳಗಿನವರೆಗೂ ಅವರು ಕೂತಿದ್ದನ್ನು ನಾನು ನೋಡಲಿಲ್ಲ. ಮುಂದೆ ಬಂದ ಪ್ರಬಂಧಗಳಲ್ಲಿ ಅವರ ಹೆಸರು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಬಂತು. ಲೇಖಕರ ಸಾಲಿನಲ್ಲಿ ತಂತ್ರಜ್ಞರಿಗೆ ಜಾಗವಿಲ್ಲವೆಂಬ ರೂಢಿ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಆ ಕಿಣ್ವ, ಆ ದಾನಿ ಉಳಿಯದಿದ್ದರೆ ಪ್ರಬಂಧ ಎಲ್ಲಿಯದು?

ಮೇಡಂ, ನಿಮ್ಮ ಋಣ ದೊಡ್ಡದು. ನೀವು ಬರೆದ ಫ್ರೀಜರ್ ಪಟ್ಟಿ, ಎತ್ತುವ ಕ್ರಮದ ಸಮೇತ, ಈಗ ಫ್ರೀಜರಿನ ಬಾಗಿಲಿಗೇ ಅಂಟಿಸಿದೆ. ಕೆಳಗೆ ನಿಮ್ಮ ಹೆಸರಿದೆ, ಇದೊಂದಕ್ಕೆ ಮಾತ್ರ ನಿಮ್ಮ ಅನುಮತಿ ಕೇಳಿಲ್ಲ.